ಡೆಲ್ಫಿಯಾ ಚಿಕ್ಕಮ್ಮನಿಗೆ ಬಂದ ತೀರ್ಪು

ನನ್ನ ಅಮ್ಮನ ತಂಗಿ ಡೆಲ್ಫಿಯಾ ಸ್ಲೋನ್ ನಮ್ಮ ಕಣಿವೆಯ ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದಳು. ಪೂರ್ವ ಕೆಂಟಕಿಯ ಈ ಮೂಲೆಯಲ್ಲಿ ಇವತ್ತು ಮೂವತ್ತು ದಾಟಿದ ಯಾರನ್ನೇ ಕೇಳಿ, ಅವಳು ಬೇಯಿಸಿದ ಬೀನ್ಸ್ ಕಾಳು, ಅವಳು ಸುಟ್ಟ ಮೆಕ್ಕೆಜೋಳದ ರೊಟ್ಟಿ ತಿಂದೇ ಬೆಳೆದವರು. ತಟ್ಟೆ ಹಿಡಿದು ನಿಂತ ಮಗುವಿನ ಮುಖ ನೋಡಿಯೇ, ಅದು ಮನೆಯಿಂದ ಏನಾದರೂ ತಿಂದು ಬಂದಿದೆಯೋ ಇಲ್ಲವೋ ಎಂದು ಅವಳಿಗೆ ತಿಳಿಯುತ್ತಿತ್ತು. ಇಲ್ಲ ಅನಿಸಿದರೆ ಏನೂ ಕೇಳದೆ ಇನ್ನೊಂದು ಸೌಟು ಬಡಿಸುತ್ತಿದ್ದಳು. ಎತ್ತರದ ಹೆಂಗಸು, ಅಗಲವಾದ ಕೈ. ಚಿಕ್ಕಂದಿನಲ್ಲಿ ಮುಂದಿನ ಹಲ್ಲೊಂದು ಮುರಿದಿದ್ದರಿಂದ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು.

ಆರ್ಲಿಸ್ ಚಿಕ್ಕಪ್ಪ ಕಲ್ಲಿದ್ದಲ ಗಣಿಯವನು. ಗಣಿಯಿಂದ ಹತ್ತಿ ಬಂದವರು ಎಷ್ಟೇ ಸೋಪು ಹಾಕಿ ಉಜ್ಜಿದರೂ ರೆಪ್ಪೆಯ ಅಂಚಿನಲ್ಲಿ ಕಪ್ಪು ಉಳಿದೇ ಬಿಡುತ್ತದೆ. ಚರ್ಚಿನ ಸಂತರ್ಪಣೆಯೊಂದರಲ್ಲಿ ಹದಿನೆಂಟರ ಡೆಲ್ಫಿಯಾ ಅವನ ತಟ್ಟೆಗೆ ಕೋಳಿ ಬಡಿಸುತ್ತಾ, "ಮುಖ ತೊಳ್ದೋನು ಕಣ್ಣನ್ನೂ ತೊಳೀಬಾರ್ದಿತ್ತಾ? ಕಾಡಿಗೆ ಹಚ್ಕೊಂಡು ಬಂದಂಗಿದೆ," ಎಂದಳಂತೆ. ಅವನು, "ತೊಳ್ದಿದೀನಿ, ಹೋಗಲ್ಲ. ನಂಬಿಕೆ ಇಲ್ದಿದ್ರೆ ನೀನೇ ಬಂದು ತೊಳ್ದು ನೋಡು," ಎಂದನಂತೆ. ಆ ಶರತ್ಕಾಲದಲ್ಲೇ ಅವರ ಮದುವೆಯಾಯಿತು. ಮಕ್ಕಳಾಗಲಿಲ್ಲ. ಅದಕ್ಕೇ ಇರಬೇಕು, ಅವರ ಮನೆಯಲ್ಲಿ ನನ್ನದೂ ಒಂದು ಹಾಸಿಗೆ ಯಾವಾಗಲೂ ಇರುತ್ತಿತ್ತು.

ಚಿಕ್ಕಪ್ಪನ ಗಂಟಲು ಬಲು ದೊಡ್ಡದು. ನಮ್ಮದು ಹಳೆಯ ಕ್ರಮದ ಬ್ಯಾಪ್ಟಿಸ್ಟ್ ಚರ್ಚು. ಪಿಯಾನೊ ಇಲ್ಲ, ಗಿಟಾರ್ ಇಲ್ಲ. ಒಬ್ಬ ಎದ್ದು ನಿಂತು ಹಾಡಿನ ಒಂದು ಸಾಲನ್ನು ಚುರುಕಾಗಿ ಹೇಳಿಕೊಡುತ್ತಾನೆ. ಉಳಿದವರೆಲ್ಲ ಅದನ್ನೇ ಎಳೆದೆಳೆದು, ಬೆಟ್ಟದ ಮೇಲೆ ಮಂಜು ಹತ್ತಿದ ಹಾಗೆ ನಿಧಾನವಾಗಿ ಹಾಡುತ್ತಾರೆ. ಅದು ಮುಗಿಯುವ ಹೊತ್ತಿಗೆ ಮುಂದಿನ ಸಾಲು. ಹಾಗೆ ಹೇಳಿಕೊಡುವವನು ನಮ್ಮಲ್ಲಿ ಆರ್ಲಿಸ್ ಚಿಕ್ಕಪ್ಪ. ವಾರವಿಡೀ ನೆಲದಡಿಯಲ್ಲಿ ಬಗ್ಗಿಕೊಂಡು ಇರುತ್ತಿದ್ದವನು ಭಾನುವಾರ ಮಾತ್ರ ನೆಟ್ಟಗೆ ನಿಂತು ಎದೆ ತುಂಬಾ ಉಸಿರೆಳೆದುಕೊಳ್ಳುತ್ತಿದ್ದ.

ಉಸಿರು ಕಡಿಮೆಯಾಗುತ್ತಾ ಬಂದದ್ದು ನಮಗೆ ಮೊದಲು ಗೊತ್ತಾದದ್ದೂ ಚರ್ಚಿನಲ್ಲೇ. ಸಾಲುಗಳ ನಡುವೆ ಅವನು ನಿಲ್ಲುವುದು ಹೆಚ್ಚಾಯಿತು. ಕಡೆಗೊಂದು ಭಾನುವಾರ ಸಾಲಿನ ಅರ್ಧಕ್ಕೇ ನಿಂತುಬಿಟ್ಟ. ಮುಂದಿನ ಬೆಂಚನ್ನು ಗಟ್ಟಿಯಾಗಿ ಹಿಡಿದುಕೊಂಡು, ಬಾಯಿ ತೆರೆದು, ಸ್ವರ ಬಾರದೆ ನಿಂತಿದ್ದ. ಯಾರೂ ಅಲುಗಾಡಲಿಲ್ಲ. ನಮ್ಮಲ್ಲಿ ಹೆಂಗಸರು ಸಾಲು ಹೇಳಿಕೊಡುವ ಪದ್ಧತಿ ಇಲ್ಲ. ಹೆಂಗಸರ ಕಡೆಯ ಬೆಂಚಿನಿಂದ ಡೆಲ್ಫಿಯಾ ಚಿಕ್ಕಮ್ಮ ಎದ್ದೇಳದೆ, ತಲೆ ಎತ್ತದೆ, ಉಳಿದ ಅರ್ಧ ಸಾಲನ್ನು ಹೇಳಿದಳು. ಜನ ಅದನ್ನು ಎತ್ತಿಕೊಂಡರು. ಹಾಡು ನಡೆಯಿತು.

ಪ್ರಾರ್ಥನೆ ಮುಗಿದ ಮೇಲೆ ನಮ್ಮ ಸಭೆಯ ಹಿರಿಯರಾದ ಬರ್ಲ್ ಅವಳನ್ನು ಬಾಗಿಲ ಬಳಿ ತಡೆದರು.

"ಸಿಸ್ಟರ್ ಡೆಲ್ಫಿಯಾ, ನಮ್ಮ ನಿಯಮ ನಿನಗೆ ಗೊತ್ತಲ್ಲ."

"ಗೊತ್ತು ಬ್ರದರ್. ಹಾಡು ಕೆಳಗೆ ಬೀಳ್ತಾ ಇತ್ತು, ಹಿಡ್ಕೊಂಡೆ ಅಷ್ಟೆ."

ಬರ್ಲ್ ಟೋಪಿಯನ್ನು ಕೈಯಲ್ಲಿ ತಿರುಗಿಸಿದರು. "ಇನ್ನೊಂದ್ಸಲ ಬಿದ್ರೂ ಹಿಡ್ಕೋ," ಎಂದು ಹೇಳಿ ಹೋದರು. ಆಮೇಲೆ ಚಿಕ್ಕಪ್ಪ ನಿಂತು ಹಾಡಲು ಆಗುವಷ್ಟು ಕಾಲವೂ ಹಾಗೆಯೇ ನಡೆಯಿತು. ಅರ್ಧ ಅವನು, ಅರ್ಧ ಅವಳು.

ಶ್ವಾಸಕೋಶದ ಕ್ಲಿನಿಕ್ಕಿನವರು ಎದೆಯ ಫೋಟೊ ತೆಗೆದು, ಒಳಗೆಲ್ಲ ಕಲ್ಲಿದ್ದಲ ಧೂಳು ಎಂದರು. ಚಿಕ್ಕಪ್ಪ ಪರಿಹಾರ ಕೇಳಿ ಕೇಸು ಹಾಕಿದ. ಹದಿನೈದು ವರ್ಷಕ್ಕಿಂತ ಹೆಚ್ಚು ನೆಲದಡಿ ದುಡಿದವನ ಶ್ವಾಸಕೋಶ ಕೆಲಸಕ್ಕೆ ಬಾರದಂತೆ ಕೆಟ್ಟರೆ, ಅದು ಗಣಿಯಿಂದಲೇ ಕೆಟ್ಟದ್ದು ಎಂದು ಕಾನೂನು ಒಪ್ಪಿಕೊಂಡೇ ಹೊರಡುತ್ತದೆ. ಅಲ್ಲ ಎನ್ನುವುದಾದರೆ ಕಂಪನಿಯೇ ತೋರಿಸಿಕೊಡಬೇಕು. ಕಂಪನಿ ಒಬ್ಬ ಡಾಕ್ಟರನ್ನು ಹಿಡಿದು ತೋರಿಸಲು ಹೊರಟಿತು. ಆ ಡಾಕ್ಟರು ಚಿಕ್ಕಪ್ಪನನ್ನು ಒಮ್ಮೆ ನೋಡಿ, ಇದೆಲ್ಲ ಸಿಗರೇಟಿನದು ಎಂದು ಬರೆದರು. ಚಿಕ್ಕಪ್ಪ ಸೇದುತ್ತಿದ್ದದ್ದು ನಿಜ, ಮದುವೆಯಾದ ಹೊಸತರಲ್ಲಿ. ಚಿಕ್ಕಮ್ಮ ಮೂಗು ಮುಚ್ಚಿಕೊಂಡು ಮಲಗುತ್ತಿದ್ದಳೆಂದು ಬಿಟ್ಟಿದ್ದ.

ವಿಚಾರಣೆಗೆ ಕಾರ್ಮಿಕ ಇಲಾಖೆಯ ನ್ಯಾಯಾಧೀಶರೇ ನಮ್ಮ ಪೇಟೆಗೆ ಬಂದಿದ್ದರು. ಚಿಕ್ಕಪ್ಪ ಆಮ್ಲಜನಕದ ಸಿಲಿಂಡರನ್ನು ಪಕ್ಕದಲ್ಲಿಟ್ಟುಕೊಂಡು ಕುಳಿತಿದ್ದ. ಚಿಕ್ಕಮ್ಮನೂ ನಾನೂ ಹಿಂದೆ ಕುಳಿತಿದ್ದೆವು. ಮೊದಲು ಮಾಡುತ್ತಿದ್ದ ಯಾವ ಕೆಲಸ ಈಗ ಆಗುವುದಿಲ್ಲ ಎಂದು ನ್ಯಾಯಾಧೀಶರು ಕೇಳಿದರು. ಸೌದೆ ಒಡೆಯುವುದು, ಗುಡ್ಡ ಹತ್ತುವುದು ಎಂದೆಲ್ಲ ಹೇಳಬೇಕೆಂದು ವಕೀಲರು ಮೊದಲೇ ಹೇಳಿಕೊಟ್ಟಿದ್ದರು. ಅವನು ಅದೊಂದನ್ನೂ ಹೇಳಲಿಲ್ಲ.

"ಚರ್ಚಲ್ಲಿ ಸಾಲು ಹೇಳ್ಕೊಡ್ತಿದ್ದೆ ಸ್ವಾಮಿ," ಎಂದ. ಉಸಿರು ತೆಗೆದುಕೊಂಡ. "ಈಗ ಅರ್ಧಕ್ಕೆ ನಿಂತೋಗ್ತದೆ. ಮಿಕ್ಕಿದ್ದು ನಮ್ಮೋಳು ಮುಗಿಸ್ತಾಳೆ."

ಚಿಕ್ಕಮ್ಮ ಕೆಂಪಾಗಿ, ತಲೆ ತಗ್ಗಿಸಿಕೊಂಡು ಕೈಚೀಲದ ಹಿಡಿಯನ್ನೇ ನೋಡುತ್ತಿದ್ದಳು. ಕಾರಿನಲ್ಲಿ ಮನೆಗೆ ಬರುವಾಗ, "ಅದನ್ಯಾಕೆ ಹೇಳಕ್ಕೋದೆ, ಅಷ್ಟು ಜನರ ಮುಂದೆ?" ಎಂದು ಗದರಿದಳು. ಅವನು ಕಿಟಕಿಯ ಕಡೆ ತಿರುಗಿ, "ಕೇಳಿದ್ರು, ಹೇಳ್ದೆ," ಎಂದ.

ಆ ನ್ಯಾಯಾಧೀಶರು ಚಿಕ್ಕಪ್ಪನ ಪರವಾಗಿ ತೀರ್ಪು ಹೇಳಿದರು. ಕಂಪನಿ ವಾಷಿಂಗ್ಟನ್ನಿನ ಮೇಲ್ಮಂಡಳಿಗೆ ಹೋಯಿತು. ಅಲ್ಲೂ ಚಿಕ್ಕಪ್ಪನಿಗೇ ಆಯಿತು. ಕಂಪನಿ ಫೆಡರಲ್ ಅಪೀಲು ಕೋರ್ಟಿಗೆ ಹೋಯಿತು. ಅಷ್ಟರಲ್ಲಿ ಚಳಿಗಾಲ ಬಂತು, ಚಿಕ್ಕಪ್ಪನಿಗೆ ನ್ಯುಮೋನಿಯಾ ಹಿಡಿಯಿತು. ಚಿಕ್ಕಮ್ಮ ಹಾಸಿಗೆಯ ತಲೆಯ ಕಡೆ ಎರಡು ಇಟ್ಟಿಗೆ ಕೊಟ್ಟು ಎತ್ತರಿಸಿ, ಅವನ ಬೆನ್ನಿಗೆ ತನ್ನ ಎದೆಯನ್ನು ಒರಗುದಿಂಬಾಗಿ ಕೊಟ್ಟು ಕೂತಿರುತ್ತಿದ್ದಳು. ಒಂದು ಬೆಳಿಗ್ಗೆ ಹಾಗೇ ಒರಗಿಕೊಂಡಿದ್ದಾಗಲೇ ಅವನು ಹೋದ. ನಾನು ಹೋದಾಗ ಅವಳಿನ್ನೂ ಅವನನ್ನು ಇಳಿಸಿರಲಿಲ್ಲ. "ಸ್ವಲ್ಪ ತಡಿ ಟ್ವೈಲಾ," ಎಂದಳು, "ಈಗ ತಾನೆ ಉಸಿರಾಟದ ಕಷ್ಟ ಕಳೆದು ಹಗುರಾಗಿದಾನೆ."

ಗಂಡ ಸತ್ತರೂ ಕೇಸು ಸಾಯುವುದಿಲ್ಲ, ಅವನು ಗೆದ್ದರೆ ಅದು ಹೆಂಡತಿಗೆ ಸಲ್ಲುತ್ತದೆ ಎಂದು ನಮ್ಮ ವಕೀಲೆ ಟ್ರಿವೆಟ್ ಬಂದು ತಿಳಿಸಿದರು. ನಮ್ಮ ಕಡೆಯವರೇ ಆದ ತೆಳ್ಳನೆಯ ಹೆಂಗಸು ಅವರು. ಅವರ ತಂದೆಯೂ ಗಣಿಯವರು. ವಸಂತದಲ್ಲಿ ಸಿನ್ಸಿನಾಟಿಯ ಅಪೀಲು ಕೋರ್ಟಿನಲ್ಲಿ ವಾದ ನಡೆಯುತ್ತದೆ, ನೀವು ಬರುವ ಅಗತ್ಯವಿಲ್ಲ, ಅಲ್ಲಿ ನಿಮ್ಮನ್ನು ಯಾರೂ ಏನೂ ಕೇಳುವುದಿಲ್ಲ ಎಂದರು.

"ನಾನು ಮಾತಾಡಕ್ಕೆ ಬರ್ತಿಲ್ಲಮ್ಮ," ಎಂದಳು ಚಿಕ್ಕಮ್ಮ. "ಆರ್ಲಿಸ್ ವಿಷಯ ಮಾತಾಡ್ತಾರೆ ಅಂದ್ಮೇಲೆ ಅವನ ಕಡೆಯೋರು ಒಬ್ರಾದ್ರೂ ಕೂತಿರ್ಬೇಕಲ್ಲ."

ಲೈಬ್ರರಿಯಲ್ಲಿ ನನ್ನ ಕೆಲಸ. ಒಂದು ದಿನ ರಜೆ ಹಾಕಿ, ಕಾರು ತೊಳೆಸಿ, ಅವಳನ್ನು ಕರೆದುಕೊಂಡು ಹೊರಟೆ. ಗಂಡನ ಮಣ್ಣಿಗೆ ಉಟ್ಟ ನೀಲಿ ಉಡುಪನ್ನೇ ಅವಳು ತೊಟ್ಟಿದ್ದಳು. ತೊಡೆಯ ಮೇಲೆ ಟವೆಲಿನಲ್ಲಿ ಸುತ್ತಿದ ಡಬ್ಬಿ, ಅದರ ತುಂಬಾ ಒಣಸೇಬು ತುಂಬಿ ಕರಿದ ಕಡುಬು. ದಾರಿಯುದ್ದಕ್ಕೂ ನನಗೆ ಒಂದನ್ನೂ ಕೊಡಲಿಲ್ಲ. "ವಾಪಸ್ ಬರೋವಾಗ," ಎಂದಳು.

ಕೋರ್ಟಿನ ಒಳಗೆ ಬಹಳ ತಂಪು, ಬಹಳ ನಿಶ್ಶಬ್ದ. ಮೇಲೆ ಮೂವರು ನ್ಯಾಯಾಧೀಶರು, ನಡುವೆ ಒಬ್ಬ ಹೆಂಗಸು. ಎಡಕ್ಕೆ ಕೂತಿದ್ದ ಮುದುಕರು ಕಣ್ಣು ಮುಚ್ಚಿಕೊಂಡಿದ್ದರು. ಮಾತಾಡುವವರ ಮುಂದೆ ಸಣ್ಣ ದೀಪಗಳು. ಹಸಿರು ಇದ್ದರೆ ಮಾತಾಡಬಹುದು, ಹಳದಿ ಬಂದರೆ ಮುಗಿಸಬೇಕು, ಕೆಂಪು ಬಂದರೆ ನಿಲ್ಲಿಸಬೇಕು. ಮೊದಲು ಕಂಪನಿಯ ವಕೀಲ ಎದ್ದ. ಮೂವತ್ತರ ಆಸುಪಾಸಿನ ಹುಡುಗ, ಕೂದಲನ್ನು ನೀರು ಹಚ್ಚಿ ಬಾಚಿದ್ದ. ನಿಯಮದ ಇಂಥ ಉಪವಾಕ್ಯ, ಅದರ ಇಂಥ ಪದ, ಹಕ್ಕುದಾರನ ಧೂಮಪಾನದ ಇತಿಹಾಸ ಎಂದು ಸರಾಗವಾಗಿ ಹೇಳಿಕೊಂಡು ಹೋದ.

ನಡುವೆ ಕೂತಿದ್ದ ನ್ಯಾಯಾಧೀಶೆ ಅವನನ್ನು ತಡೆದರು. "ಹೊಗೆಯಿಂದ ಇಷ್ಟು, ಧೂಳಿನಿಂದ ಇಷ್ಟು ಅಂತ ನಿಮ್ಮ ಡಾಕ್ಟರು ಯಾವ ಲೆಕ್ಕದ ಮೇಲೆ ಬೇರೆ ಮಾಡಿದ್ರು?"

"ಅವರ ದೀರ್ಘ ಅನುಭವದ ಮೇಲೆ, ಮಾನ್ಯರೇ."

"ಅನುಭವ ಸರಿ. ಧೂಳಿನ ಪಾಲು ಏನೂ ಇಲ್ಲ ಅನ್ನೋದಕ್ಕೆ ಕಾರಣ ಏನು ಬರೆದಿದ್ದಾರೆ? ಪುಟ ತೋರಿಸಿ."

ಅವನು ಹಾಳೆ ತಿರುವಿದ. ಹಳದಿ ದೀಪ ಬಂತು. ಆಮೇಲೆ ನಮ್ಮ ಟ್ರಿವೆಟ್ ಎದ್ದರು. ಅರ್ಧ ಗಂಟೆಗೆಲ್ಲ ಮುಗಿದುಹೋಯಿತು. ಮುಂದಿನ ಕೇಸಿನವರು ಒಳಗೆ ಬರುತ್ತಿದ್ದರು.

ಹೊರಗೆ ಬಂದು ಚಿಕ್ಕಮ್ಮ ಮೆಟ್ಟಿಲ ಮೇಲೆ ನಿಂತಳು. "ಒಂದ್ಸಲನೂ ಹೆಸರು ಹೇಳ್ಲಿಲ್ಲ," ಎಂದಳು.

"ಅವರ ಭಾಷೆನೇ ಹಂಗೆ ಡೆಲ್ಫಿಯಾ," ಎಂದರು ಟ್ರಿವೆಟ್. "ಹಕ್ಕುದಾರ ಅಂದ್ರೆ ಆರ್ಲಿಸ್ ಅಂತಲೇ ಅರ್ಥ."

"ನನ್ ಮನೇಲಿ ಹಕ್ಕುದಾರ ಅನ್ನೋನು ಯಾರೂ ಇರ್ಲಿಲ್ಲ."

ಟ್ರಿವೆಟ್ ಅವಳ ತೋಳನ್ನು ಹಿಡಿದುಕೊಂಡು ನಿಂತರು. ನಾನು ಕಾರು ತರಲು ಹೋದೆ. ತಂದು ನಿಲ್ಲಿಸಿದಾಗ ನೋಡುತ್ತೇನೆ, ಕಂಪನಿಯ ವಕೀಲ ಚೀಲ ಕೆಳಗಿಟ್ಟು ಚಿಕ್ಕಮ್ಮನ ಮುಂದೆ ನಿಂತಿದ್ದಾನೆ. ನಿಮ್ಮ ಯಜಮಾನರು ಹೋದದ್ದಕ್ಕೆ ನನಗೆ ದುಃಖವಿದೆ ಎಂದು ಹೇಳಲು ಬಂದಿದ್ದನಂತೆ. ಹಾಗೆ ಹೇಳುವುದು ಸರಿಯೋ ತಪ್ಪೋ ಎಂದು ಅವನಿಗೇ ಗೊತ್ತಿದ್ದ ಹಾಗೆ ಕಾಣಲಿಲ್ಲ. ಚಿಕ್ಕಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಬೆಳಿಗ್ಗೆ ಏನ್ ತಿಂದೆ?"

"ಹಾಂ?"

"ತಿಂದಿಲ್ಲ. ಮುಖ ನೋಡಿದ್ರೆ ಗೊತ್ತಾಗುತ್ತೆ." ಕಾರಿನ ಬಾಗಿಲು ತೆಗೆದು, ಟವೆಲ್ ಬಿಚ್ಚಿ, ಎರಡು ಕಡುಬನ್ನು ಅವನ ಕೈಗಿಟ್ಟಳು. ಅವನು ನಿಂತಲ್ಲೇ ಒಂದನ್ನು ತಿಂದ. ತಿನ್ನುತ್ತಿದ್ದಾಗ ಅವನ ಕಿವಿಗಳು ಕೆಂಪಾದವು.

ಕಾರು ಸೇತುವೆ ದಾಟಿದ ಮೇಲೆ ನಾನು ಕೇಳಿದೆ. "ಅವನಿಗ್ಯಾಕೆ ಕೊಟ್ಟೆ ಚಿಕ್ಕಮ್ಮ? ನನಗೇ ಇನ್ನೂ ಒಂದೂ ಸಿಕ್ಕಿಲ್ಲ."

"ನನಗೂ ಅವನ ಮೇಲೆ ಸಿಟ್ಟಿದೆ ಕಣೆ," ಎಂದಳು. "ಸಿಟ್ಟಿದೆ ಅಂತ ಹಸ್ಕೊಂಡಿರೋನನ್ನ ಹಂಗೇ ಬಿಟ್ಟು ಬರಕ್ಕಾಗುತ್ತಾ?" ಆಮೇಲೆ ಬಹಳ ದೂರದವರೆಗೆ ಕಿಟಕಿಯಾಚೆ ನೋಡುತ್ತಾ ಸದ್ದಿಲ್ಲದೆ ಅತ್ತಳು. ನಾನು ಕಡುಬು ತಿನ್ನುತ್ತಾ ಕಾರು ಓಡಿಸಿದೆ.

ತೀರ್ಪು ಬೇಸಿಗೆ ದಾಟಿದರೂ ಬರಲಿಲ್ಲ. ಹೊಸ ತೀರ್ಪುಗಳನ್ನು ಕೋರ್ಟಿನವರು ಆಯಾ ದಿನವೇ ಕಂಪ್ಯೂಟರಿನಲ್ಲಿ ಹಾಕುತ್ತಾರೆ. ನಾನು ಲೈಬ್ರರಿಯಲ್ಲಿ ಕೂತು ನೋಡುತ್ತಿದ್ದೆ. ಯಾರದೋ ಜೈಲು ಶಿಕ್ಷೆ, ಯಾರದೋ ಗಡೀಪಾರು, ಯಾವುದೋ ಊರಿನ ಕುಡಿಯುವ ನೀರು. ಒಂದೊಂದರ ಹಿಂದೆಯೂ ಯಾರೋ ಒಬ್ಬರು ನನ್ನ ಹಾಗೆ ತೆರೆಯನ್ನು ನೋಡುತ್ತಾ ಕೂತಿದ್ದಾರೆ ಅನಿಸುತ್ತಿತ್ತು. ಕಡೆಗೊಂದು ಮಧ್ಯಾಹ್ನ ಸ್ಲೋನ್ ಎಂಬ ಹೆಸರು ಕಂಡಿತು. ಮೊದಲಿನಿಂದ ಓದುವ ತಾಳ್ಮೆ ಇರಲಿಲ್ಲ, ಕೊನೆಯ ಪುಟಕ್ಕೆ ಹೋದೆ. ಕೊನೆಯ ಸಾಲಿನಲ್ಲಿ, ಅರ್ಜಿಯನ್ನು ತಿರಸ್ಕರಿಸಲಾಗಿದೆ ಎಂದಿತ್ತು.

ಹಾಳೆಗಳನ್ನು ಪ್ರಿಂಟ್ ತೆಗೆದು, ಫೋನಿನಲ್ಲಿ ಹೇಳಲು ಮನಸ್ಸಾಗದೆ ಮನೆಗೇ ಹೋದೆ. ಚಿಕ್ಕಮ್ಮ ಜಗುಲಿಯಲ್ಲಿ ಕೂತು ಚಳಿಗಾಲಕ್ಕೆ ಒಣಗಿಸಲು ಬೀನ್ಸ್ ಕಾಯನ್ನು ದಾರಕ್ಕೆ ಪೋಣಿಸುತ್ತಿದ್ದಳು. ನನ್ನ ಮುಖ ನೋಡಿದ್ದೇ ಅವಳ ಸೂಜಿ ನಿಂತಿತು.

"ತಿರಸ್ಕಾರ ಮಾಡಿದಾರೆ ಚಿಕ್ಕಮ್ಮ," ಎಂದೆ.

ಅವಳು ತಲೆಯಾಡಿಸಿದಳು. ಕೈಯಲ್ಲಿದ್ದ ಕಾಯನ್ನು ಪೋಣಿಸಿದಳು. ಇನ್ನೊಂದು, ಮತ್ತೊಂದು. ಸರ ಮುಗಿಯುವವರೆಗೂ ಪೋಣಿಸಿ, ಗಂಟು ಹಾಕಿ, ಕಂಬದ ಮೊಳೆಗೆ ತೂಗುಹಾಕಿದಳು. ಆಮೇಲೆ, "ಹೋಬರ್ಟಿಗೆ ಯಾರು ಹೇಳೋದು?" ಎಂದಳು. ಹೋಬರ್ಟ್ ಮಲಿನ್ಸ್ ಪಕ್ಕದ ಮನೆಯವನು. ಚಿಕ್ಕಪ್ಪನ ಜೊತೆಯಲ್ಲೇ ಗಣಿಗೆ ಇಳಿದವನು. ಅವನ ಕೇಸೂ ಅದೇ ಕೋರ್ಟಿನಲ್ಲಿ ಕಾಯುತ್ತಿತ್ತು. ಆರ್ಲಿಸನದು ಆದರೆ ತನ್ನದೂ ಆಗುತ್ತದೆ ಎಂದು ಅವನು ನಂಬಿಕೊಂಡಿದ್ದ.

ಅಷ್ಟರಲ್ಲಿ ಒಳಗೆ ಫೋನು ಬಡಿದುಕೊಂಡಿತು. ನಾನೇ ಹೋಗಿ ಎತ್ತಿದೆ. ಟ್ರಿವೆಟ್ ನಗುತ್ತಿದ್ದರೋ ಅಳುತ್ತಿದ್ದರೋ ಗೊತ್ತಾಗಲಿಲ್ಲ. "ನೋಡಿದ್ಯಾ ಟ್ವೈಲಾ? ಗೆದ್ವಿ. ಮೂವರೂ ನಮ್ಮ ಕಡೆ."

"ತಿರಸ್ಕರಿಸಲಾಗಿದೆ ಅಂತ ಇದೆಯಲ್ಲ."

"ಅಯ್ಯೋ ಹುಚ್ಚಿ, ಅರ್ಜಿ ಹಾಕಿದ್ದು ಯಾರು? ಕಂಪನಿ. ತಿರಸ್ಕಾರ ಆಗಿದ್ದು ಅವರದು."

ನಾನು ಜಗುಲಿಗೆ ಓಡಿಬಂದು ಹೇಳಿದೆ. ಚಿಕ್ಕಮ್ಮ ನನ್ನ ಕಡೆ ತಿರುಗಿದಳು. "ಇಷ್ಟು ಓದಿದೋರು ನೆಟ್ಟಗೆ ಹೇಳಕ್ಕೇನು ಕಷ್ಟ ಇವರಿಗೆ?" ಎಂದಳು. ಆಮೇಲೆ ನಕ್ಕಳು. ಕೈ ಅಡ್ಡ ಹಿಡಿಯುವುದನ್ನು ಮರೆತು, ಮುರಿದ ಹಲ್ಲು ಕಾಣುವ ಹಾಗೆ ನಕ್ಕಳು. "ಈಗ ಮೊದಲಿಂದ ಓದು. ಒಂದೂ ಬಿಡಬೇಡ."

ಓದಿದೆ. ಮೊದಲ ಸಾಲಿನಲ್ಲೇ ಆರ್ಲಿಸ್ ಸ್ಲೋನ್ ಎಂಬ ಪೂರ್ತಿ ಹೆಸರು ಇತ್ತು. ಎರಡನೆಯ ಪುಟದಲ್ಲಿ ಹೀಗೆ ಬರೆದಿದ್ದರು. 'ಸ್ಲೋನ್ ತಮ್ಮ ಚರ್ಚಿನಲ್ಲಿ ಹಾಡಿನ ಸಾಲುಗಳನ್ನು ಹೇಳಿಕೊಡುತ್ತಿದ್ದರು. ಉಸಿರು ಸಾಲದೆ ಸಾಲು ಅರ್ಧಕ್ಕೆ ನಿಲ್ಲುತ್ತದೆಂದೂ ಉಳಿದದ್ದನ್ನು ತಮ್ಮ ಪತ್ನಿ ಮುಗಿಸುತ್ತಾರೆಂದೂ ಅವರು ಸಾಕ್ಷ್ಯ ನುಡಿದಿದ್ದಾರೆ.' ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. "ಇನ್ನೊಂದ್ಸಲ," ಎಂದಳು. ಓದಿದೆ. ಮತ್ತೆ ಓದಿದೆ.

"ಆ ಹೆಂಗಸೇ ಬರೆದಿರ್ಬೇಕು," ಎಂದಳು.

ಹೆಸರು ನೋಡಿದೆ. ಬರೆದದ್ದು ಅವರಲ್ಲ, ಎಡಕ್ಕೆ ಕೂತು ಕಣ್ಣು ಮುಚ್ಚಿಕೊಂಡಿದ್ದ ಮುದುಕರು. "ಅಯ್ಯೋ ಪಾಪ," ಎಂದಳು ಚಿಕ್ಕಮ್ಮ. "ಅವತ್ತೆಲ್ಲಾ ಆತ ನಿದ್ದೆ ಮಾಡ್ತಿದಾನೆ ಅಂತ ಮನಸಲ್ಲೇ ಬೈಕೊಂಡಿದ್ದೆ."

ಹೋಬರ್ಟಿನ ತೀರ್ಪು ಕ್ರಿಸ್ಮಸ್ಸಿಗೆ ಸ್ವಲ್ಪ ಮುಂಚೆ ಬಂತು. ಈ ಸಲ ನಾನು ಮೊದಲಿಂದಲೇ ಓದಿದೆ. ನೆಲದಡಿ ಅವನು ದುಡಿದದ್ದು ಹದಿನೈದು ವರ್ಷಕ್ಕೆ ಕಡಿಮೆ. ಆಮೇಲಿನದೆಲ್ಲ ಮೇಲೆ, ಲಾರಿ ಓಡಿಸಿದ್ದು. ಆ ಲಾರಿಯ ಧೂಳೂ ಗಣಿಯ ಧೂಳಿನಷ್ಟೇ ಇತ್ತು ಎಂಬುದಕ್ಕೆ ಸಾಕಷ್ಟು ಸಾಕ್ಷ್ಯವಿಲ್ಲ ಎಂದು ಕೋರ್ಟು ಹೇಳಿತ್ತು. ಕಂಪನಿ ಗೆದ್ದಿತ್ತು. ಹೋಬರ್ಟಿನ ಮನೆಗೆ ಹೇಗೆ ಹೋಗುವುದೆಂದು ನನಗೆ ತೋಚಲಿಲ್ಲ. ಚಿಕ್ಕಮ್ಮನಿಗೆ ಹೇಳಿದೆ. ಅವಳು ಒಲೆಯ ಮೇಲಿದ್ದ ಬೀನ್ಸಿನ ಪಾತ್ರೆಯನ್ನು ಹಾಗೇ ಎತ್ತಿಕೊಂಡು ಹೊರಟಳು.

ಹೋಬರ್ಟ್ ಕುರ್ಚಿಯಲ್ಲಿ ಮೂಗಿಗೆ ನಳಿಗೆ ಹಾಕಿಕೊಂಡು ಕೂತಿದ್ದ. ವಕೀಲರ ಫೋನು ಬಂದಾಗಿತ್ತು. ಅವನ ಹೆಂಡತಿ ಐಸಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಬಾ ಡೆಲ್ಫಿಯಾ," ಎಂದ ಹೋಬರ್ಟ್. "ನಾನು ಕೆಮ್ಮೋದು ನನ್ನ ತಪ್ಪೇ ಅಂತೆ. ಕೋರ್ಟಲ್ಲಿ ಹೇಳಿದಾರೆ."

"ಅವರು ಹೇಳ್ಕೊಳ್ಳಲಿ. ನಾನು ಹೇಳಿಲ್ಲ."

"ನಿಂಗೇನು, ನಿಂದಾಯ್ತು."

ಐಸಿ, "ಹೋಬರ್ಟ್," ಎಂದಳು. ಚಿಕ್ಕಮ್ಮ ಪಾತ್ರೆಯನ್ನು ಒಲೆಯ ಮೇಲಿಟ್ಟು, ಬಂದು ಅವನ ಎದುರು ಕೂತಳು. "ಹೌದು, ನಂದಾಯ್ತು," ಎಂದಳು. "ಆಗಿದ್ದು ಕಾಗದದಲ್ಲಿ. ಆರ್ಲಿಸ್ ವಾಪಸ್ ಬರ್ಲಿಲ್ಲ. ನೀನು ಇಲ್ಲೇ ಕೂತಿದ್ದೀಯ, ಐಸಿ ಎದುರಿಗೆ." ಹೋಬರ್ಟ್ ಮುಖ ಮುಚ್ಚಿಕೊಂಡ. ಯಾರೂ ಅವನನ್ನು ಸಮಾಧಾನ ಮಾಡಲು ಹೋಗಲಿಲ್ಲ. ಅವನು ಅತ್ತು ಮುಗಿಸಿದ ಮೇಲೆ ಐಸಿ ಬಟ್ಟಲು ತಂದಳು, ನಾಲ್ವರೂ ಊಟ ಮಾಡಿದೆವು.

ಕಾಯಿಲೆ ಹೆಚ್ಚಾದರೆ ಹೊಸದಾಗಿ ಕೇಳಿಕೊಳ್ಳಬಹುದು, ಅದಕ್ಕೆ ಒಂದು ವರ್ಷ ಕಾಯಬೇಕು ಎಂದು ಟ್ರಿವೆಟ್ ಆಮೇಲೆ ಹೇಳಿದರು. ಹೋಬರ್ಟ್ ಕಾಯುತ್ತಿದ್ದಾನೆ. ಐಸಿಗೆ ಕಾರು ಓಡಿಸಲು ಬರುವುದಿಲ್ಲ. ಚಿಕ್ಕಪ್ಪನ ಹಳೆಯ ಪಿಕಪ್ಪು ಹುಲ್ಲಿನ ನಡುವೆ ನಿಂತಿತ್ತು. ಚಿಕ್ಕಮ್ಮ ಅದರ ಬ್ಯಾಟರಿ ಬದಲಾಯಿಸಿ, ಅರವತ್ತೆಂಟನೆಯ ವಯಸ್ಸಿನಲ್ಲಿ ನನ್ನಿಂದ ಗೇರು ಹಾಕುವುದನ್ನು ಕಲಿತಳು. ಈಗ ಪ್ರತಿ ಗುರುವಾರ ಹೋಬರ್ಟನ್ನು ಕ್ಲಿನಿಕ್ಕಿನ ಉಸಿರಾಟದ ವ್ಯಾಯಾಮಕ್ಕೆ ಅವಳೇ ಕರೆದೊಯ್ಯುತ್ತಾಳೆ. ನಡುವೆ ಹೋಬರ್ಟ್, ಅವನ ತೊಡೆಯ ಮೇಲೆ ಸಿಲಿಂಡರು, ಕಿಟಕಿಯ ಕಡೆ ಐಸಿ.

ಹೋದ ವಾರ ನಾನೂ ಅವರ ಹಿಂದೆಯೇ ಪೇಟೆಗೆ ಹೋಗುತ್ತಿದ್ದೆ. ಹಳ್ಳದ ತಿರುವಿನಲ್ಲಿ ಪಿಕಪ್ಪು ಮೂರು ಸಲ ಮುಗ್ಗರಿಸಿ ನಿಂತಿತು. ಕಿಟಕಿ ತೆರೆದೇ ಇತ್ತು.

"ಗಣಿ ನನ್ನ ಕೊಲ್ಲಲಿಲ್ಲ," ಎನ್ನುತ್ತಿದ್ದ ಹೋಬರ್ಟ್. "ಇವಳು ಕೊಲ್ತಾಳೆ."

"ಮಾತಾಡಿ ಉಸಿರು ಖರ್ಚು ಮಾಡ್ಬೇಡ," ಎಂದಳು ಚಿಕ್ಕಮ್ಮ. ಗೇರು ಕಿರಗುಟ್ಟಿತು. ಐಸಿ ನಗುವುದು ನನ್ನ ಕಾರಿನವರೆಗೂ ಕೇಳಿಸಿತು.